7 ವರ್ಷದ ಮಗಳ ಹಲ್ಲಿಗೆ ಈಗಲೇ ಚಿಕಿತ್ಸೆ ಬೇಕೇ, 12ರವರೆಗೆ ಕಾಯಬಹುದೇ?

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳೂವರೆ ವರ್ಷ. ಕೆಳಗಿನ ನಾಲ್ಕು ಬಾಚಿಹಲ್ಲುಗಳು ಹೊಸದಾಗಿ ಬಂದಿವೆ, ಮೇಲಿನ ಎರಡು ದೊಡ್ಡ ಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದಿಯಿದೆ. 5 ವರ್ಷ ತುಂಬುವವರೆಗೂ ಹೆಬ್ಬೆರಳು ಚೀಪುತ್ತಿದ್ದಳು. ಬೇವಿನೆಣ್ಣೆ ಹಚ್ಚಿದರೂ ಬಿಡದವಳು ಶಾಲೆಗೆ ಸೇರಿದ ಮೇಲೆ ತಾನಾಗಿಯೇ ಬಿಟ್ಟಳು. ಕಳೆದ ತಿಂಗಳು ಕೆಳಗಿನ ಎಡಬದಿಯ ಕೊನೆಯ ಹಾಲುದವಡೆಹಲ್ಲು ತೀರಾ ಹುಳುಕಾಗಿದ್ದರಿಂದ ಕೀಳಿಸಬೇಕಾಯಿತು. ಆಗ ನೋಡಿದ ವೈದ್ಯರು, ಮೇಲ್ದವಡೆ ಕಿರಿದಾಗಿದೆ, ಬಾಯಿ ಮುಚ್ಚುವಾಗ ಕೆಳದವಡೆ ಬಲಕ್ಕೆ ಜಾರುತ್ತಿದೆ, ಆದ್ದರಿಂದ ಅಂಗುಳಕ್ಕೆ ಸಾಧನ ಕೂರಿಸಿ ಈಗಲೇ ಅಗಲ ಮಾಡಬೇಕು ಎಂದರು. ಇನ್ನೊಬ್ಬ ವೈದ್ಯರು, ಎಲ್ಲ ಹಲ್ಲೂ ಬರಲಿ, 12ನೇ ವರ್ಷಕ್ಕೆ ಒಂದೇ ಸಲ ಕ್ಲಿಪ್ ಹಾಕಿಸಿದರೆ ಸಾಕು ಎಂದರು. ನಮ್ಮ ಅತ್ತೆಯವರಂತೂ, ಬೀಳುವ ಹಲ್ಲಿಗೆ ಇಷ್ಟೆಲ್ಲ ಯಾಕೆ, ನಾವು ಹೆಂಚಿನ ಮೇಲೆ ಎಸೆದು ಸುಮ್ಮನಾಗುತ್ತಿದ್ದೆವಲ್ಲ ಎನ್ನುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಹಾವೇರಿಯ ಮೇಷ್ಟ್ರು:

ಮೇಡಂ, ಅಂಗುಳ ಅಗಲ ಮಾಡುವ ವಿಷಯ ನನಗೆ ತಿಳಿಯದು. ಆದರೆ ಕಿತ್ತ ಹಲ್ಲಿನ ಜಾಗವನ್ನು ಮರೆಯಬೇಡಿ ಎಂದು ಹೇಳಲೇಬೇಕು, ಏಕೆಂದರೆ ನಾವು ಮರೆತು ಪಶ್ಚಾತ್ತಾಪಪಟ್ಟವರು. ನನ್ನ ಮಗನಿಗೂ ಆರೂವರೆ ವರ್ಷದಲ್ಲಿ ಅದೇ ಹಲ್ಲನ್ನು ಕೀಳಿಸಿದೆವು. ಜಾಗ ಕಾಯ್ದುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದರ ಹಿಂದೆ 6ನೇ ವರ್ಷದಲ್ಲಿ ಬರುವ ದೊಡ್ಡ ದವಡೆಹಲ್ಲು ಶಾಶ್ವತ ಹಲ್ಲು ಎಂಬುದೇ ನಮಗೆ ಗೊತ್ತಿರಲಿಲ್ಲ; ಯಾವ ಹಲ್ಲೂ ಬೀಳದೆ ಹಿಂದಿನ ಖಾಲಿ ಒಸಡಿನಲ್ಲಿ ಹುಟ್ಟುವುದರಿಂದ ಅದನ್ನೂ ಹಾಲುಹಲ್ಲೆಂದೇ ಭಾವಿಸಿದ್ದೆವು. ಆ ಹಲ್ಲು ಖಾಲಿ ಜಾಗಕ್ಕೆ ವಾಲಿಕೊಂಡು ಮುಂದೆ ಬಂದುಬಿಟ್ಟಿತು. ಕೆಳಗಿನಿಂದ ಬರಬೇಕಿದ್ದ ಹೊಸ ಹಲ್ಲು ದಾರಿಯಿಲ್ಲದೆ ಒಸಡಿನೊಳಗೇ ಉಳಿಯಿತು. ಕೊನೆಗೆ 13ನೇ ವರ್ಷದಲ್ಲಿ ಕ್ಲಿಪ್ ಹಾಕಿಸಿ ಹಲ್ಲುಗಳನ್ನು ಹಿಂದಕ್ಕೆ ತಳ್ಳಲು ಎರಡೂವರೆ ವರ್ಷ ಹಿಡಿಯಿತು. ಸ್ಪೇಸ್ ಮೇಂಟೇನರ್ ಎಂಬ ಒಂದು ಸಣ್ಣ ತಂತಿಯ ಕುಣಿಕೆಯಿಂದ ಇದನ್ನು ತಪ್ಪಿಸಬಹುದಿತ್ತು ಎಂದು ಆಮೇಲೆ ತಿಳಿದಾಗ ಆದ ಸಂಕಟ ಇಂದಿಗೂ ಹೋಗಿಲ್ಲ.

ದಂತವೈದ್ಯೆ, ಮೈಸೂರು:

ನಾನು ವಕ್ರದಂತ ಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವಳು. ಮಗುವನ್ನು ನೋಡದೆ ತೀರ್ಮಾನ ಹೇಳುವುದು ಸರಿಯಲ್ಲ. ಆದರೂ ನಿಮ್ಮ ಬರಹವನ್ನು ಓದಿದರೆ ಆ ಇಬ್ಬರು ವೈದ್ಯರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಂತೆ ಕಾಣುತ್ತದೆ. ಹಲ್ಲುಗಳು ಸಾಲಾಗಿ ಕೂರಬೇಕು ಎಂಬುದು ಒಂದು. ದವಡೆ ಜಾರದೆ ನೇರವಾಗಿ ಮುಚ್ಚಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಯಬಹುದು, ಎರಡನೆಯದಕ್ಕೆ ಕಾಯುವುದು ಒಳ್ಳೆಯದಲ್ಲ.

ಮುಂದಿನ ಹಲ್ಲುಗಳ ಸಂದಿಯ ಬಗ್ಗೆ ಈಗ ಚಿಂತೆ ಬೇಡ. ಒಸಡಿನೊಳಗೆ ಇಳಿಯುತ್ತಿರುವ ಮೇಲಿನ ಕೋರೆಹಲ್ಲುಗಳು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಬಾಚಿಹಲ್ಲುಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ, ಮತ್ತು 11–12ನೇ ವರ್ಷದಲ್ಲಿ ಕೋರೆಹಲ್ಲು ಹೊರಬರುತ್ತಿದ್ದಂತೆ ಬಹುಪಾಲು ಮಕ್ಕಳಲ್ಲಿ ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಪಠ್ಯಪುಸ್ತಕಗಳು ಇದನ್ನು ‘ಅಗ್ಲಿ ಡಕ್ಲಿಂಗ್’, ಅಂದರೆ ಕುರೂಪಿ ಬಾತುಮರಿಯ ಹಂತ ಎನ್ನುತ್ತವೆ. ಮಗುವಿನ ಎದುರು ಆ ಹೆಸರನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ದವಡೆ ಜಾರುವುದನ್ನು ನೀವೇ ನೋಡಬಹುದು. ಮಗುವನ್ನು ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿ, ಬಾಯಿಯನ್ನು ಅಗಲವಾಗಿ ತೆರೆಸಿ, ನಿಧಾನವಾಗಿ ಮುಚ್ಚಲು ಹೇಳಿ. ತೆರೆದಾಗ ಮೂಗಿನ ನೇರಕ್ಕಿದ್ದ ಗದ್ದವು ಹಲ್ಲುಗಳು ತಾಗಿದ ಕೂಡಲೇ ಪಕ್ಕಕ್ಕೆ ಸರಿದರೆ, ಆ ಬದಿಯ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತಿವೆಯೇ ಎಂದು ಗಮನಿಸಿ. ಇದಕ್ಕೆ ಕ್ರಾಸ್‌ಬೈಟ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ತಾನಾಗಿ ಸರಿಹೋಗುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಹಾಗೆಯೇ ಬಿಟ್ಟರೆ ದವಡೆ ಒಂದು ಬದಿಗೆ ವಾಲಿಕೊಂಡೇ ಬೆಳೆಯುವ ಅಪಾಯವಿದೆ. ಬಹಳ ಕಾಲ ಬೆರಳು ಚೀಪಿದ ಮಕ್ಕಳಲ್ಲಿ ಕೆನ್ನೆಯ ಒತ್ತಡದಿಂದ ಮೇಲ್ದವಡೆ ಕಿರಿದಾಗುವುದುಂಟು. ಬಾಯಿಂದ ಉಸಿರಾಡುವ ಅಭ್ಯಾಸವಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೂ ಒಮ್ಮೆ ತೋರಿಸಿ.

ಈ ವಯಸ್ಸಿನಲ್ಲೇ ಏಕೆ ಎಂದರೆ, ಮೇಲ್ದವಡೆಯ ಎಡ ಮತ್ತು ಬಲ ಭಾಗಗಳು ಅಂಗುಳದ ನಡುಗೆರೆಯಲ್ಲಿ ಸೇರುವ ಹೊಲಿಗೆಯಂಥ ಜಾಗ ಚಿಕ್ಕ ಮಕ್ಕಳಲ್ಲಿ ಇನ್ನೂ ಬಿಗಿದುಕೊಂಡಿರುವುದಿಲ್ಲ, ಹಾಗಾಗಿ ಸಣ್ಣ ಒತ್ತಡಕ್ಕೇ ಅಗಲಗೊಳ್ಳುತ್ತದೆ. ಪ್ರೌಢಾವಸ್ಥೆ ಕಳೆದಂತೆ ಇದು ಕಷ್ಟವಾಗುತ್ತಾ ಹೋಗುತ್ತದೆ. ದೊಡ್ಡವರಲ್ಲಿ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ನಿಮ್ಮ ಎರಡನೆಯ ವೈದ್ಯರ ಮಾತಿಗೂ ಆಧಾರವಿದೆ. ಮೇಲಿನ ಹಲ್ಲು ಉಬ್ಬಿರುವ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಯ ಪ್ರಕಾರ, ಬೇಗ ಆರಂಭಿಸಿ ಎರಡು ಹಂತಗಳಲ್ಲಿ ಚಿಕಿತ್ಸೆ ಕೊಡುವುದರಿಂದ ಬಿದ್ದಾಗ ಮುಂದಿನ ಹಲ್ಲಿಗೆ ಪೆಟ್ಟಾಗುವುದು ಕಡಿಮೆಯಾಗುತ್ತದೆಯೇ ಹೊರತು, ಹದಿಹರೆಯದಲ್ಲಿ ಒಂದೇ ಸಲ ಮಾಡುವುದಕ್ಕಿಂತ ಬೇರೆ ಲಾಭ ಕಂಡುಬಂದಿಲ್ಲ. ಅಮೆರಿಕದ ಆರ್ಥೊಡಾಂಟಿಸ್ಟರ (ವಕ್ರದಂತ ತಜ್ಞರ) ಸಂಘವು 7 ವರ್ಷದೊಳಗೆ ಒಮ್ಮೆ ತೋರಿಸಿ ಎನ್ನುವುದು ಕೂಡ ಪರೀಕ್ಷೆಗಾಗಿ. ಎಲ್ಲ ಮಕ್ಕಳಿಗೂ ಆಗಲೇ ತಂತಿ ಕಟ್ಟಿ ಎಂದಲ್ಲ. ನಿಮ್ಮ ಮಗಳ ತೊಂದರೆ ಆ ಬಗೆಯದಲ್ಲದ್ದರಿಂದ ಆ ಉತ್ತರ ಇಲ್ಲಿಗೆ ಹೊಂದುವುದಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ.

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಕಿತ್ತ ಹಲ್ಲಿನ ಜಾಗಕ್ಕೆ ಹೊಸ ಹಲ್ಲು ಬರುವುದು 11–12ನೇ ವರ್ಷದಲ್ಲಿ. ಅಲ್ಲಿಯವರೆಗೆ ಜಾಗ ಉಳಿಸಲೇಬೇಕು. ಕಿತ್ತ ಮೊದಲ ಕೆಲವು ತಿಂಗಳುಗಳಲ್ಲೇ ಜಾಗ ಹೆಚ್ಚು ಕಿರಿದಾಗುವುದರಿಂದ ಇದನ್ನು ಮುಂದೂಡಬೇಡಿ.

ತುಂಗಾತೀರ, ಶಿವಮೊಗ್ಗ:

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಇಂದು ಬೆಳಿಗ್ಗೆ ಕಿಟಕಿಯ ಬಳಿ ಕೂರಿಸಿ ನೋಡಿದೆ. ಹಲ್ಲು ತಾಗುತ್ತಿದ್ದಂತೆ ಗದ್ದ ಬಲಕ್ಕೆ ಸರಿಯುವುದು ಸ್ಪಷ್ಟವಾಗಿ ಕಂಡಿತು. ಇಷ್ಟು ದಿನ ದಿನಾ ಎರಡು ಹೊತ್ತು ಊಟ ಮಾಡಿಸುವಾಗಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗುಳ ಅಗಲ ಮಾಡುವ ಆ ಸಾಧನದಿಂದ ಮಗುವಿಗೆ ನೋವಾಗುತ್ತದೆಯೇ? ಖರ್ಚು ಹೇಗೆ?

ಧಾರವಾಡದಿಂದ ಒಬ್ಬ ತಾಯಿ:

ನನ್ನ ಮಗನಿಗೆ 8ನೇ ವರ್ಷದಲ್ಲಿ ಹಾಕಿಸಿದ್ದೆವು. ಸಾಧನದ ನಡುವೆ ಒಂದು ತಿರುಪು ಇರುತ್ತದೆ. ವೈದ್ಯರು ಕೊಟ್ಟ ಪುಟ್ಟ ಕೀಲಿಯನ್ನು ಅದರ ತೂತಿಗೆ ಸಿಕ್ಕಿಸಿ, ಬಾಯಿಯ ಒಳಗಡೆಗೆ ತಳ್ಳಿ, ಮುಂದಿನ ತೂತು ಕಾಣುವವರೆಗೆ ತಿರುಗಿಸಬೇಕು. ಒಂದು ಸಲಕ್ಕೆ ಕಾಲು ಮಿಲಿಮೀಟರ್. ಕೀಲಿ ಕೈಜಾರಿ ಗಂಟಲಿಗೆ ಹೋಗದಂತೆ ದಾರ ಕಟ್ಟಿಕೊಳ್ಳಿ. ತಿರುಗಿಸಿದ ಕೂಡಲೇ ಮೂಗಿನ ಬುಡದಲ್ಲಿ ಬಿಗಿದಂತಾಗುತ್ತದೆ ಎನ್ನುತ್ತಿದ್ದ, ಹತ್ತು ನಿಮಿಷದಲ್ಲಿ ಆಟಕ್ಕೆ ಓಡುತ್ತಿದ್ದ. ಮೊದಲ ವಾರ ಮಾತು ತೊದಲಿತು, ಜೊಲ್ಲು ಸುರಿಯಿತು. ಎರಡನೆಯ ವಾರ ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದಿ ಬಿದ್ದಾಗ ನಾನು ಗಾಬರಿಯಿಂದ ಅತ್ತುಬಿಟ್ಟಿದ್ದೆ. ಅಂಗುಳ ಅಗಲವಾಗುತ್ತಿರುವುದಕ್ಕೆ ಅದೇ ಗುರುತು ಎಂದು ವೈದ್ಯರು ತಿಳಿಸಿದರು, ಮುಂದೆ ಅದು ಮುಚ್ಚಿಕೊಂಡಿತು. ತಿರುಗಿಸುವುದು ಮುಗಿದ ಮೇಲೂ ಹೊಸ ಮೂಳೆ ತುಂಬಿಕೊಳ್ಳಲೆಂದು 6 ತಿಂಗಳು ಸಾಧನವನ್ನು ಹಾಗೆಯೇ ಬಿಟ್ಟಿದ್ದರು.

ಖರ್ಚಿನ ವಿಷಯಕ್ಕೆ, ಖಾಸಗಿ ಕ್ಲಿನಿಕ್ಕಿಗಿಂತ ದಂತ ವೈದ್ಯಕೀಯ ಕಾಲೇಜಿನಲ್ಲಿ ನಮಗೆ ಬಹಳ ಕಡಿಮೆಯಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಕಾಯುವ ಸಮಯ ಮಾತ್ರ ಜಾಸ್ತಿ.

ದಂತವೈದ್ಯೆ, ಮೈಸೂರು:

ಎಷ್ಟು ದಿನ, ದಿನಕ್ಕೆ ಎಷ್ಟು ಸಲ ತಿರುಗಿಸಬೇಕೆಂಬುದನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಕೆಲವು ಮಕ್ಕಳಿಗೆ ಕೀಲಿಯ ಅಗತ್ಯವೇ ಇಲ್ಲದ, ಕ್ವಾಡ್ ಹೀಲಿಕ್ಸ್ ಎಂಬ ತಂತಿಯ ಸಾಧನವೂ ಸಾಕಾಗುತ್ತದೆ. ಹೋಗುವಾಗ ಈಗಾಗಲೇ ತೆಗೆಸಿರುವ ಎಕ್ಸ್‌ರೇಗಳನ್ನು ತಪ್ಪದೆ ಒಯ್ಯಿರಿ, ಮಗುವಿಗೆ ಮತ್ತೆ ತೆಗೆಸುವುದು ತಪ್ಪೀತು. ಉಳಿದ ಹಾಲುಹಲ್ಲುಗಳಲ್ಲಿ ಹುಳುಕಿದ್ದರೆ ಸಾಧನ ಕೂರಿಸುವ ಮೊದಲೇ ತುಂಬಿಸಿಕೊಳ್ಳಿ.