ಕರ್ಕ್ಯುಮಿನ್ ನ್ಯಾನೊಎಮಲ್ಶನ್ ಬ್ಯಾಸಿಗಿ ತಡಕೊಳ್ಳವಲ್ದು, ಏನ್ ಮಾಡ್ಲಿ?

ರಾಯಚೂರು ಎಂಫಾರ್ಮ್:
ನಮಸ್ಕಾರ್ರಿ ಎಲ್ಲಾರಿಗೂ. ಅರಿಶಿಣದ ಕರ್ಕ್ಯುಮಿನ್ ಚರ್ಮದೊಳಗ ಇಳಿಸಾಕ ನ್ಯಾನೊಎಮಲ್ಶನ್ (ನೀರಿನಾಗ ಎಣ್ಣಿಯ ಬಾಳ ಸಣ್ಣ ಹನಿ ಹರಡಿದ ಮಿಶ್ರಣ) ಮಾಡಾಕತ್ತೀನಿ, ಎಣ್ಣಿ-ನೀರು ಕೂಡಸೋ ಸರ್ಫ್ಯಾಕ್ಟಂಟ್ ಟ್ವೀನ್ 80, ಟ್ರಾನ್ಸ್‌ಕ್ಯುಟಾಲ್ ಅನ್ನೋ ದ್ರಾವಕ ಹಾಕೀನಿ, ಮಾಡಿದ ದಿನ ಹನಿ ಸೈಜ್ 120 ನ್ಯಾನೊಮೀಟರ್ ಬರ್ತೈತಿ, ಆದ್ರ ನಮ್ಮ ಕಡೆ ಸೆಕಿಗೆ ಬರಬರ್ತಾ ಸೈಜ್ ಏರಿ ಮ್ಯಾಲೆ ಎಣ್ಣಿ ತೇಲ್ತೈತಿ. ಸರ್ಫ್ಯಾಕ್ಟಂಟ್ ಜಾಸ್ತಿ ಮಾಡ್ಲೇನ್ರಿ?

ಬಳ್ಳಾರಿ ಫಾರ್ಮುಲೇಶನ್:
ಬ್ಯಾಡ್ರಿ, ಅದು ಹೆಚ್ಚಾದಷ್ಟು ಚರ್ಮ ಉರಿಯೋದೂ ಹೆಚ್ಚು. ಸಣ್ಣ ಹನಿಯೊಳಗಿನ ಎಣ್ಣಿ ನೀರಿನಾಗ ಕರಗಿ ದೊಡ್ಡ ಹನಿಗೆ ಸೇರ್ತೈತಿ, ಆಸ್ಟ್‌ವಾಲ್ಡ್ ರೈಪನಿಂಗ್ ಅಂತಾರಲ್ರಿ ಅದು, ನೀರಿನಾಗ ಕರಗದಂಥ ಉದ್ದ ಚೈನಿನ ಎಣ್ಣಿ ಸ್ವಲ್ಪ ಬೆರಸ್ರಿ ಅದು ತಡೀತೈತಿ. ಟ್ವೀನ್ ಬಿಸಿಗೆ ನೀರಿನ ಹಿಡಿತ ಬಿಡ್ತೈತಿ, ಹಂಗಾಗಿ ಒಂದ್ ಬ್ಯಾಚ್ 25 ಡಿಗ್ರಿ, ಇನ್ನೊಂದ್ 40 ಡಿಗ್ರಿಯೊಳಗ ಇಟ್ಟು ನೋಡ್ರಿ. ಪಿಡಿಐ (ಹನಿ ಸೈಜ್ ಒಂದಕ್ಕೊಂದು ಎಷ್ಟು ಹೆಚ್ಚುಕಮ್ಮಿ ಐತಿ ಅನ್ನೋ ಅಳತಿ) 0.3 ದಾಟಬಾರ್ದು.

ಕೊಪ್ಪಳ ಲ್ಯಾಬ್:
ಸೈಜ್ ಒಂದ ಹಿಡಕೊಂಡ್ ಕುಂದ್ರಬ್ಯಾಡ್ರಿ, ಕರ್ಕ್ಯುಮಿನ್ ಉಳದೈತೋ ಇಲ್ಲೋ ಅದೂ ಅಳೀರಿ. ಪಿಎಚ್ 7 ದಾಟಿದ್ರ ಬಾಳ ಲಗೂನ ಹಾಳಾಗ್ತೈತಿ. ಕಾರ್ಬೊಪಾಲ್ (ಗಟ್ಟಿ ಮಾಡೋ ಪಾಲಿಮರ್) ಜೆಲ್ ಮಾಡೋದಿದ್ರ ಪಿಎಚ್ ಏರಿಸೋ ಟ್ರೈಎಥನಾಲಮೈನ್ ಹನಿಹನಿಯಾಗಿ ಹಾಕಿ ಪಿಎಚ್ 5.5ರ ಸುತ್ತ ನಿಲ್ಲಸ್ರಿ, ಬೆಳಕು ತಾಗದಂಗ ಅಂಬರ್ ಬಾಟ್ಲಿಯೊಳಗ ಇಡ್ರಿ. ಔಷಧ ಚರ್ಮ ದಾಟೋದನ್ನ ಅಳಿಯೋ ಫ್ರಾಂಜ್ ಸೆಲ್‌ನಾಗ ಬರೇ ಬಫರ್ (ಪಿಎಚ್ ಬದಲಾಗದಂಗ ಕಾಯೋ ದ್ರಾವಣ) ಇಟ್ರ ಕರ್ಕ್ಯುಮಿನ್ ಕರಗಂಗಿಲ್ಲ, ಸ್ವಲ್ಪ ಎಥನಾಲ್ ಸೇರಿಸ್ರಿ.

ರಾಯಚೂರು ಎಂಫಾರ್ಮ್:
ಬಾಳ ಉಪಕಾರ ಆತ್ರಿ ಇಬ್ರಿಗೂ. ಮೊದ್ಲು ಎಣ್ಣಿ ಬದಲಿಸಿ ನೋಡ್ತೀನಿ.