ಇ-ರೀಡರ್‌ನಲ್ಲಿ ಕನ್ನಡ: ಪಿಡಿಎಫ್ ಅಕ್ಷರ ತೀರಾ ಸಣ್ಣ, ಇಪಬ್‌ನಲ್ಲಿ ಒಡೆಯುವ ಒತ್ತಕ್ಷರ

ಪ್ರಶ್ನೆ:
ನಮಸ್ಕಾರ. ದಪ್ಪ ಕಾದಂಬರಿಗಳನ್ನು ಹಿಡಿದು ಓದಲು ನಮ್ಮ ತಂದೆಯವರ ಕೈ ಸೋಲುತ್ತದೆಂದು ಅವರಿಗಾಗಿ 6 ಇಂಚಿನ ಇ-ಇಂಕ್ ರೀಡರ್ (ಕಾಗದದಂಥ ಪರದೆಯ ಇ-ಪುಸ್ತಕ ಸಾಧನ) ತರಿಸಿದ್ದೇನೆ. ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ತೆರೆದರೆ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ, ಹಿಗ್ಗಿಸಿದರೆ ಸಾಲು ಪರದೆಯಾಚೆಗೆ ಹೋಗುತ್ತದೆ. ವಿಕಿಸೋರ್ಸ್‌ನ ಇಪಬ್‌ನಲ್ಲಿ (ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಇ-ಪುಸ್ತಕ ಕಡತ) ಗಾತ್ರ ಸರಿಯಿದೆ, ಆದರೆ ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಕಾಣುತ್ತದೆ. ರೀಡರನ್ನೇ ಬದಲಿಸಬೇಕೇ?

ಉತ್ತರ:
ನಮಸ್ಕಾರ. ಬದಲಿಸುವ ಮೊದಲು ಸ್ವಲ್ಪ ತಾಳಿ. ನೀವು ಹೇಳಿರುವ ಎರಡು ತೊಂದರೆಗಳಿಗೆ ಎರಡು ಬೇರೆ ಕಾರಣಗಳಿವೆ.

ಇಪಬ್ ಕಡತದಲ್ಲಿ ಇರುವುದು ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ ಎಂಬ ಯೂನಿಕೋಡ್ ಸಂಕೇತಗಳ ಸರಣಿ ಮಾತ್ರ. ಅವನ್ನು ಜೋಡಿಸಿ ‘ಕ್ಕ’ ಎಂದು ತೋರಿಸುವ ಕೆಲಸ ಫಾಂಟಿನದು ಮತ್ತು ಓದುವ ತಂತ್ರಾಂಶದ್ದು. ನೋಟೋ ಸೆರಿಫ್ ಕನ್ನಡ ಫಾಂಟನ್ನು ರೀಡರ್‌ನ ಫಾಂಟ್ ಫೋಲ್ಡರಿಗೆ ಹಾಕಿ, ಪುಸ್ತಕಕ್ಕೆ ಅದನ್ನೇ ಆರಿಸಿ ನೋಡಿ. ಆಗಲೂ ಒಡೆದರೆ ಕೊರತೆ ತಂತ್ರಾಂಶದಲ್ಲಿದೆ. ಕೋಬೋ, ಪಾಕೆಟ್‌ಬುಕ್ ಮೊದಲಾದ ರೀಡರ್‌ಗಳಲ್ಲಿ ನಡೆಯುವ ಕೋರೀಡರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅದರ ಫಾಂಟ್ ಕರ್ನಿಂಗ್ ಆಯ್ಕೆಯನ್ನು ‘ಬೆಸ್ಟ್’ಗೆ ಇಟ್ಟರೆ ಒತ್ತಕ್ಷರಗಳು ಕೂಡಿಕೊಳ್ಳುತ್ತವೆ.

ಪಿಡಿಎಫ್‌ನದು ಅಳತೆಯ ಪ್ರಶ್ನೆ. ನೀವು ಇಳಿಸಿಕೊಂಡಿರುವುದು ಪುಟಗಳ ಫೋಟೋ, ಪಠ್ಯವಲ್ಲ. ಡೆಮಿ 1/8 ಆಕಾರದ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರವಿರುತ್ತದೆ; 6 ಇಂಚಿನ ಪರದೆಯಾದರೋ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಇಡೀ ಪುಟವನ್ನು ಅದರಲ್ಲಿ ತೋರಿಸಬೇಕಾದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿನಷ್ಟಾಗುತ್ತದೆ, ಒತ್ತಕ್ಷರ ಅದಕ್ಕಿಂತಲೂ ಚಿಕ್ಕದಾಗುತ್ತದೆ. ಇದನ್ನು ವಯಸ್ಸಾದವರು ಓದಲಾರರು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೋರೀಡರ್ ಹಾಕಿದ ಮೇಲೆ ‘ಅಕ್ಕ’ ಸರಿಯಾಯಿತು. ಪಿಡಿಎಫ್‌ಗೆ ಅದರಲ್ಲಿರುವ ರೀಫ್ಲೋ ಬಳಸಿದೆ. ಅಕ್ಷರ ದೊಡ್ಡದಾಯಿತಾದರೂ ಕೆಲವು ಸಾಲುಗಳ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗಿವೆ.

ಉತ್ತರ:
ರೀಫ್ಲೋ ಫೋಟೋವನ್ನು ಪದಪದವಾಗಿ ಕತ್ತರಿಸಿ ಮರುಜೋಡಿಸುತ್ತದೆ. ಸಾಲುಗಳ ನಡುವಿನ ಖಾಲಿ ಜಾಗವನ್ನು ನೋಡಿ ಅದು ಸಾಲನ್ನು ಗುರುತಿಸುವುದರಿಂದ, ಆ ಜಾಗಕ್ಕೇ ಇಳಿಯುವ ನಮ್ಮ ಒತ್ತಕ್ಷರಗಳಿರುವ ಹಳೆಯ ಮುದ್ರಣಕ್ಕೆ ಅದನ್ನು ನಾನು ಸೂಚಿಸುವುದಿಲ್ಲ.

ಅದರ ಬದಲು ಪುಟದ ಅಂಚನ್ನು ಕತ್ತರಿಸಿ, ರೀಡರನ್ನು ಅಡ್ಡಲಾಗಿ ತಿರುಗಿಸಿ. ಅಂಚು ತೆಗೆದರೆ ಡೆಮಿ ಪುಟದ ಅಚ್ಚಾದ ಭಾಗ ಸುಮಾರು 10.5 ಸೆಂ.ಮೀ. ಅಗಲವಷ್ಟೇ ಉಳಿಯುತ್ತದೆ, ಅಡ್ಡ ಪರದೆಯಲ್ಲಿ 12 ಸೆಂ.ಮೀ. ಸಿಗುತ್ತದೆ; ಅಂದರೆ ಅಕ್ಷರ ಮುದ್ರಿತ ಪುಸ್ತಕದಲ್ಲಿರುವುದಕ್ಕಿಂತ ತುಸು ದೊಡ್ಡದಾಗಿಯೇ ಕಾಣುತ್ತದೆ. ಒಂದು ಪುಟಕ್ಕೆ ಎರಡು ಮೂರು ಬಾರಿ ಪರದೆ ಒತ್ತಬೇಕಾಗುತ್ತದೆ, ಆದರೆ ಓದುವುದು ಕಷ್ಟವಾಗುವುದಿಲ್ಲ. ಸ್ಕ್ಯಾನಿನ ಅಂಚಿನಲ್ಲಿ ಕಪ್ಪು ಪಟ್ಟಿಯಿದ್ದರೆ ಸ್ವಯಂಚಾಲಿತ ಕ್ರಾಪ್ ಅದನ್ನೂ ಅಕ್ಷರವೆಂದು ಭಾವಿಸುತ್ತದೆ, ಅಂಥ ಪುಸ್ತಕಕ್ಕೆ ಅಂಚನ್ನು ಕೈಯಿಂದಲೇ ಗುರುತಿಸಿ. ಹಳದಿಗಟ್ಟಿದ ಕಾಗದ ಇ-ಇಂಕ್‌ನಲ್ಲಿ ಬೂದು ಮಬ್ಬಾಗಿ ಕಾಣುವುದರಿಂದ ಕಾಂಟ್ರಾಸ್ಟನ್ನು ಹೆಚ್ಚಿಸಿ.

ಪ್ರಶ್ನೆ ಕೇಳಿದವರು:
ಅಡ್ಡ ಹಿಡಿದಾಗ ತಂದೆಯವರು ಕನ್ನಡಕ ಬದಲಿಸದೆ ಒಂದು ಅಧ್ಯಾಯ ಓದಿದರು. ಇನ್ನೊಂದು ವಿಚಾರ: ಒಬ್ಬ ಲೇಖಕರು ಕಳಿಸಿದ ಪಿಡಿಎಫ್ ನೋಡಲು ಸ್ವಚ್ಛವಾಗಿದೆ, ಆದರೆ ಇಪಬ್‌ಗೆ ಪರಿವರ್ತಿಸಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಬರುತ್ತವೆ.

ಉತ್ತರ:
ಅದು ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಸಿದ್ಧವಾದ ಕಡತವಿರಬೇಕು; ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ, ಆ ಫಾಂಟು ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ಅವರಲ್ಲಿ ಮೂಲ ವರ್ಡ್ ಕಡತವಿದ್ದರೆ ಕೇಳಿ ಪಡೆದು, ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ, ಅನಂತರ ಇ-ಪುಸ್ತಕ ಸಿದ್ಧಪಡಿಸುವ ತಂತ್ರಾಂಶವಾದ ಕ್ಯಾಲಿಬರ್‌ನಲ್ಲಿ ಇಪಬ್ ಮಾಡಿ. ಪರಿವರ್ತನೆಯ ಬಳಿಕ ಅರ್ಕಾವೊತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಮೂಲದೊಂದಿಗೆ ಒಮ್ಮೆ ಹೋಲಿಸಿ ನೋಡಿ.