ಮಗುವಿನ ಕಣ್ಣಲ್ಲಿ ನೀರು ನಿಲ್ಲುತ್ತಿಲ್ಲ ಅಂದೆಯಲ್ಲ, ಅದಕ್ಕೆ

ಪುಟ್ಟಿ, ಈಗಷ್ಟೇ ಡ್ಯೂಟಿ ಮುಗಿಸಿ ಗ್ರೂಪ್ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಮಗು ಮಲಗಿದಾಗ ಓದಿಕೋ.

ಎರಡು ತಿಂಗಳ ಕೂಸು, ಬಲಗಣ್ಣಲ್ಲಿ ಮಾತ್ರ ಸದಾ ನೀರು, ಬೆಳಿಗ್ಗೆ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ, ಆದರೆ ಕಣ್ಣು ಕೆಂಪಾಗಿಲ್ಲ. ಇಷ್ಟು ತಾನೇ ನೀನು ಹೇಳಿದ್ದು? ಅದಕ್ಕೆ ಅತ್ತಿಗೆ ಕಾಡಿಗೆ ಹಚ್ಚು ಅಂದಿದ್ದಾರೆ, ದೊಡ್ಡಮ್ಮ ಎದೆಹಾಲು ಎರಡು ಹನಿ ಬಿಡು ಅಂದಿದ್ದಾರೆ. ದೊಡ್ಡಮ್ಮ, ಬೇಜಾರು ಮಾಡಿಕೊಳ್ಳಬೇಡಿ, ಎರಡೂ ಬೇಡ.

ನೀರು ಜಾಸ್ತಿ ಬರುತ್ತಿದೆ ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಬರುವುದು ಸರಿಯಾಗೇ ಇದೆ, ಹೋಗುವ ದಾರಿ ಇನ್ನೂ ತೆರೆದಿಲ್ಲ. ಬಚ್ಚಲ ಮೋರಿ ಕಟ್ಟಿಕೊಂಡರೆ ನಲ್ಲಿಯನ್ನು ಬೈದು ಏನು ಪ್ರಯೋಜನ ಹೇಳಿ?

ಕಣ್ಣೀರು ಅತ್ತಾಗ ಮಾತ್ರ ಬರುವುದಲ್ಲ. ಹುಬ್ಬಿನ ಹೊರತುದಿಯ ಕೆಳಗೆ, ಮೂಳೆಯ ಮರೆಯಲ್ಲಿ ಒಂದು ಗ್ರಂಥಿ ಇದೆ. ರೆಪ್ಪೆಯ ಒಳಗಡೆ ಇನ್ನೂ ಸಣ್ಣ ಸಣ್ಣವು ಇವೆ. ಎಲ್ಲ ಸೇರಿ ಇಡೀ ದಿನ ನೀರು ಬಿಡುತ್ತಲೇ ಇರುತ್ತವೆ, ದೊಡ್ಡವರಿಗಾದರೆ ನಿಮಿಷಕ್ಕೆ ಒಂದೆರಡು ಮೈಕ್ರೋಲೀಟರ್, ಅಂದರೆ ಕಾಣದಷ್ಟು. ರೆಪ್ಪೆಯಂಚಿನ ಗ್ರಂಥಿಗಳು ಅದರ ಮೇಲೆ ತೆಳ್ಳಗೆ ಎಣ್ಣೆ ಹರಡುತ್ತವೆ, ಇಲ್ಲದಿದ್ದರೆ ನೀರು ಬೇಗ ಆರಿಹೋಗುತ್ತದೆ. ಆ ನೀರಲ್ಲಿ ಸೂಕ್ಷ್ಮಾಣುಗಳನ್ನು ಒಡೆಯುವ ಲೈಸೋಜೈಮ್ ಕೂಡ ಇರುತ್ತದೆ. (ಪೆನ್ಸಿಲಿನ್‌ಗಿಂತ ಮುಂಚೆ, 1922ರಲ್ಲಿ, ಫ್ಲೆಮಿಂಗ್ ಜಗತ್ತಿಗೆ ತಿಳಿಸಿದ್ದು ಇದನ್ನೇ.)

ಇನ್ನು ಹೋಗುವ ದಾರಿ. ಕನ್ನಡಿ ಮುಂದೆ ನಿಂತು ನಿನ್ನದೇ ಕೆಳರೆಪ್ಪೆಯನ್ನು ಮೂಗಿನ ಕಡೆ ತುದಿಯಲ್ಲಿ ಚೂರು ಕೆಳಗೆಳೆದು ನೋಡು. ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ರೆಪ್ಪೆಯ ಸ್ನಾಯು ಒತ್ತಿ ಬಿಟ್ಟು ಮಾಡಿ ನೀರನ್ನು ಆ ತೂತುಗಳಿಂದ ಒಳಗೆಳೆಯುತ್ತದೆ. ಅಲ್ಲಿಂದ ಸಣ್ಣ ನಾಳ, ಆಮೇಲೆ ಮೂಗಿನ ಪಕ್ಕದಲ್ಲಿ ಒಂದು ಚೀಲ, ಅದರಿಂದ ಇನ್ನೊಂದು ನಾಳ ಇಳಿದು ಮೂಗಿನೊಳಗೆ ತೆರೆಯುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ.

ಈ ಕೊನೆಯ ನಾಳದ ಬಾಯಲ್ಲಿ ಹುಟ್ಟುವಾಗ ಕೆಲವು ಮಕ್ಕಳಿಗೆ ಒಂದು ತೆಳು ಪೊರೆ ಉಳಿದುಬಿಟ್ಟಿರುತ್ತದೆ. ಮೊದಲ ಕೆಲವು ವಾರ ಮಕ್ಕಳಿಗೆ ಕಣ್ಣೀರು ಕಡಿಮೆ, ಅತ್ತರೂ ಕೆನ್ನೆ ಒದ್ದೆಯಾಗುವುದಿಲ್ಲ, ಹಾಗಾಗಿ ಆಗ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ನೀರು ಶುರುವಾದಾಗ ಚೀಲದಲ್ಲೇ ನಿಂತು, ಅಲ್ಲಿ ಸೂಕ್ಷ್ಮಾಣು ಬೆಳೆದು, ಪಿಸುರಾಗಿ ವಾಪಸ್ ಬರುತ್ತದೆ. ಕಾಡಿಗೆ, ಹಾಲು ಹಾಕಿದರೆ ಆ ಪೊರೆ ತೆರೆಯುವುದಿಲ್ಲ, ಕೊಳೆ ಸೇರುತ್ತದೆ ಅಷ್ಟೇ. ಕೆಲವು ಕಾಡಿಗೆಯಲ್ಲಿ ಸೀಸ ಬೇರೆ ಇರುತ್ತದೆ.

ಸುಮಾರು ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವುದರೊಳಗೆ ತಾನಾಗೇ ಸರಿಹೋಗುತ್ತದೆ. ನೀನು ಮಾಡಬೇಕಾದ್ದು ಮಸಾಜ್. ಉಗುರು ಕತ್ತರಿಸಿ, ಕೈ ಸೋಪು ಹಾಕಿ ತೊಳೆದು, ಕಣ್ಣಿಗೂ ಮೂಗಿಗೂ ನಡುವಿನ ಮೂಲೆಯಲ್ಲಿ ಬೆರಳಿಟ್ಟು, ಮೂಗಿನ ಪಕ್ಕದಿಂದ ಕೆಳಗೆ ಒತ್ತಿ ಎಳೆಯುವುದು. ಸುಮ್ನೆ ಸವರಿದರೆ ಸಾಲದು, ಒತ್ತಡ ಆ ಪೊರೆಯವರೆಗೂ ಹೋಗಬೇಕು. ದಿನಕ್ಕೆ ಮೂರ್ನಾಲ್ಕು ಸಲ, ಪ್ರತಿ ಸಲ ಐದಾರು ಎಳೆತ. ಎಷ್ಟು ಒತ್ತಬೇಕು ಅನ್ನುವುದನ್ನು ಮಾತ್ರ ಮೊದಲ ಸಲ ಕಣ್ಣಿನ ಡಾಕ್ಟರ್ ಕೈಯಲ್ಲೇ ತೋರಿಸಿಕೋ, ವಿಡಿಯೊ ನೋಡಿ ಕಲಿಯಬೇಡ. ಪಿಸುರನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸು. ವರ್ಷವಾದರೂ ಬಿಡದಿದ್ದರೆ ಸಣ್ಣ ತಂತಿ ಹಾಕಿ ದಾರಿ ಬಿಡಿಸುತ್ತಾರೆ, ಅದು ಹೆಚ್ಚು ಹೊತ್ತಿನ ಕೆಲಸವಲ್ಲ.

ಆದರೆ ಆ ಮೂಲೆಯಲ್ಲಿ ಗಂಟು ಬಂದರೆ, ಕೆಂಪಾಗಿ ಊದಿದರೆ, ಜ್ವರ ಬಂದರೆ ಅವತ್ತೇ ಹೋಗಬೇಕು. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ಕಪ್ಪುಗುಡ್ಡೆ ಮಬ್ಬಾಗಿ ಅಥವಾ ದೊಡ್ಡದಾಗಿ ಕಂಡರೂ ಅಷ್ಟೇ, ಅದು ಹುಟ್ಟಿನಿಂದ ಬಂದ ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಹೆಚ್ಚಾಗುವ ಕಾಯಿಲೆ, ಇರಬಹುದು. ಅದರಲ್ಲೂ ನೀರು ಸೋರುತ್ತದೆ. ಅದನ್ನು ಕಾಯುವ ಹಾಗಿಲ್ಲ.

ಮಾವ, ನೀವು ಕೇಳಿದ್ದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಕಣ್ಣಿಗೆ ಹನಿ ಬಿಟ್ಟರೆ ಗಂಟಲು ಕಹಿ ಆಗುವುದು ಇದೇ ದಾರಿಯಿಂದ ಔಷಧಿ ಇಳಿಯುವುದರಿಂದ. ಹನಿ ಬಿಟ್ಟು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಔಷಧಿ ಕಣ್ಣಲ್ಲೇ ನಿಲ್ಲುತ್ತದೆ, ಕಹಿಯೂ ಕಡಿಮೆ ಆಗುತ್ತದೆ. ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೆಯದು ಹೇಗೂ ಕೆನ್ನೆ ಮೇಲೆ ಹರಿದುಹೋಗುತ್ತದೆ.